ಸೊಸೈಟಿಗೆ ನಿರ್ದೇಶಕರಾದಿರಾ? ದುಡ್ಡಿನ ಲೆಕ್ಕ ಇಲ್ಲಿಂದ ಶುರು ಮಾಡಿ: ಕರಾವಳಿಯ ಪತ್ತಿನ ಸಂಘಗಳಿಗೆ ಸಮಗ್ರ ಮಾರ್ಗದರ್ಶಿ

ಚುನಾವಣೆ ಮುಗಿಯಿತು, ಹಾರ ಹಾಕಿಸಿಕೊಂಡಾಯಿತು, ಪೇಪರಿನಲ್ಲಿ ಫೋಟೊ ಬಂತು. ಇನ್ನು ಐದು ವರ್ಷ ನೀವು ಸಂಘದ ನಿರ್ದೇಶಕರು. ಮೊದಲ ಮಾಸಿಕ ಸಭೆಯಲ್ಲಿ ಸಿಇಒ ಒಂದೊಂದೇ ವಿಷಯ ಓದುತ್ತಾರೆ. ಹಿರಿಯ ನಿರ್ದೇಶಕರು "ಆಗಬಹುದು, ಆಗಬಹುದು" ಎನ್ನುತ್ತಾರೆ. ಚಾ, ನೀರುಳ್ಳಿ ಬಜೆ ಬರುತ್ತದೆ. ನೀವು ಸಹಿ ಹಾಕುತ್ತೀರಿ. ಆ ಸಹಿ ಸುಮ್ನೆ ಅಲ್ಲ. ಸಂಘಕ್ಕೆ ನಷ್ಟವಾಗಿ, ಅದಕ್ಕೆ ಆಡಳಿತ ಮಂಡಳಿಯೂ ಕಾರಣ ಅಂತ ಸಾಬೀತಾದರೆ, ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 69ನೇ ಕಲಂ ಪ್ರಕಾರ ಆ ಹಣವನ್ನು ನಿರ್ದೇಶಕರ ಕಿಸೆಯಿಂದಲೇ ವಸೂಲು ಮಾಡಬಹುದು.

ಮಂಗಳೂರು, ಉಡುಪಿ ಕಡೆಯ ಸಣ್ಣ ಪತ್ತಿನ ಸಹಕಾರ ಸಂಘಗಳನ್ನು, ಅಂದರೆ ಸದಸ್ಯರಿಂದ ಠೇವಣಿ ಪಡೆದು ಸದಸ್ಯರಿಗೇ ಸಾಲ ಕೊಡುವ ಸಂಘಗಳನ್ನು, ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ವ್ಯವಸಾಯ ಸೇವಾ ಸಹಕಾರಿ ಸಂಘ, ನೌಕರರ ಸಂಘ, ಮಹಿಳಾ ಸಂಘ ನಡೆಸುವವರಿಗೂ ಹೆಚ್ಚಿನದು ಹೊಂದುತ್ತದೆ. ಸಹಕಾರ ನಮ್ಮ ಕಡೆಗೆ ಹೊಸತಲ್ಲ. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದ್ದು 1909ರಲ್ಲಿ. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಬೆಳೆಗಾರರದ್ದೇ ಸಹಕಾರಿಯಾದ ಕ್ಯಾಂಪ್ಕೊ ಹುಟ್ಟಿದ್ದು 1973ರಲ್ಲಿ. ಎರಡೂ ಕಡೆ ಇದ್ದ ಪ್ರಶ್ನೆ ಒಂದೇ: ಸದಸ್ಯನ ಕೈಗೆ ಎಷ್ಟು ಸೇರಿತು? ಇವತ್ತು ತುಂಬಾ ಸಂಘಗಳು ಲಾಭದ ಅಂಕಿ ದಪ್ಪ ಅಕ್ಷರದಲ್ಲಿ ಹಾಕಿ, ಡಿವಿಡೆಂಡ್ ಘೋಷಿಸಿ, ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತವೆ. ನನ್ನ ಪ್ರಕಾರ ಸದಸ್ಯನಿಗೆ ನಿಜವಾದ ಲಾಭ ಎರಡೇ ಕಡೆ ಇರುವುದು. ಒಂದು, ಸಾಲಕ್ಕೆ ಬಡ್ಡಿ ಕಡಿಮೆ ಬೀಳುವುದು. ಇನ್ನೊಂದು, ಇಟ್ಟ ಹಣ ಕೇಳಿದ ದಿನ ವಾಪಸ್ ಸಿಗುವುದು. ಮುಂದಿನ ಹೆಜ್ಜೆಗಳೆಲ್ಲ ಈ ಎರಡಕ್ಕಾಗಿಯೇ.

ಹೆಜ್ಜೆ 1: ಬೈಲಾ ಮನೆಗೆ ತನ್ನಿ

ನಿಮ್ಮ ಸಂಘ ಯಾವ ಕಾಯ್ದೆಯಲ್ಲಿ ನೋಂದಣಿ ಆಗಿದೆ ನೋಡಿ. 1959ರ ಸಹಕಾರ ಸಂಘಗಳ ಕಾಯ್ದೆಯೋ, 1997ರ ಸೌಹಾರ್ದ ಸಹಕಾರಿ ಕಾಯ್ದೆಯೋ? ಎರಡರಲ್ಲೂ ನಿಯಮ ಬೇರೆ ಬೇರೆ. ಇಲ್ಲಿ ನಾನು ಹೇಳುವ ಕಲಂ ಸಂಖ್ಯೆಗಳೆಲ್ಲ 1959ರ ಕಾಯ್ದೆಯವು.

ಆಮೇಲೆ ಬೈಲಾದ, ಅಂದರೆ ಸಂಘದ ಸ್ವಂತ ನಿಯಮಾವಳಿಯ, ಒಂದು ಪ್ರತಿ ಕೇಳಿ ತನ್ನಿ. ಇಡೀ ಪುಸ್ತಕ ಬಾಯಿಪಾಠ ಮಾಡಬೇಕಾಗಿಲ್ಲ. ಕಾರ್ಯವ್ಯಾಪ್ತಿ ಯಾವ ಗ್ರಾಮಗಳು, ಒಬ್ಬರಿಗೆ ಗರಿಷ್ಠ ಎಷ್ಟು ಸಾಲ, ಸಾಲಕ್ಕೆ ಎಷ್ಟು ಷೇರು, ನಿರ್ದೇಶಕರಿಗೆ ಸಾಲ ಕೊಡಲು ಏನು ಷರತ್ತು, ಸಹಸದಸ್ಯರಿಗೆ ಏನು ಹಕ್ಕು. ಇಷ್ಟು ಪುಟಗಳಿಗೆ ಗುರುತು ಹಾಕಿಕೊಳ್ಳಿ. ಸಭೆಯಲ್ಲಿ "ಮೊದಲಿನಿಂದಲೂ ಹೀಗೇ ಮಾಡಿಕೊಂಡು ಬಂದದ್ದು" ಎಂದು ಯಾರಾದರೂ ಹೇಳಿದರೆ ಆ ಪುಟ ತೆಗೆಯಿರಿ.

ಒಂದು ವಿಷಯ ಸಂಘದ ಬೋರ್ಡಿನಲ್ಲೂ ನೋಡಿ. ಪತ್ತಿನ ಸಂಘ ತನ್ನ ಹೆಸರಿನಲ್ಲಿ 'ಬ್ಯಾಂಕ್' ಎಂದು ಹಾಕಿಕೊಳ್ಳುವಂತಿಲ್ಲ, ಸದಸ್ಯರಲ್ಲದವರಿಂದ ಠೇವಣಿ ತೆಗೆದುಕೊಳ್ಳುವಂತಿಲ್ಲ. 2021ರಲ್ಲಿ ರಿಸರ್ವ್ ಬ್ಯಾಂಕ್ ಈ ಬಗ್ಗೆ ಸಾರ್ವಜನಿಕರನ್ನೇ ಎಚ್ಚರಿಸಿತ್ತು. ಬ್ಯಾಂಕಿನ ಠೇವಣಿಗೆ ಇರುವ 5 ಲಕ್ಷ ರೂಪಾಯಿಯ ವಿಮೆ ನಮ್ಮಂಥ ಸಂಘಗಳ ಠೇವಣಿಗೆ ಇಲ್ಲ. ಇದನ್ನು ಅಡಗಿಸಬೇಡಿ. ಠೇವಣಿದಾರರು ಕೇಳಿದರೆ ನೇರವಾಗಿ ಹೇಳಿ. ವಿಮೆ ಇಲ್ಲ ಎಂದ ಮೇಲೆ ಅವರಿಗೆ ಇರುವ ಭದ್ರತೆ ನಿಮ್ಮ ಆಡಳಿತ ಮಾತ್ರ.

ಹೆಜ್ಜೆ 2: ಹಣ ಎಲ್ಲಿಂದ ಬಂದಿದೆ, ಯಾರದ್ದು

ಆಸ್ತಿ ಜವಾಬ್ದಾರಿ ತಖ್ತೆ (ಬ್ಯಾಲೆನ್ಸ್ ಶೀಟ್) ಎದುರಿಗೆ ಇಟ್ಟುಕೊಳ್ಳಿ. ಹಣ ಬರುವ ದಾರಿ ನಾಲ್ಕು: ಪಾಲು ಬಂಡವಾಳ (ಸದಸ್ಯರ ಷೇರು ಹಣ), ಮೀಸಲು ನಿಧಿಗಳು, ಸದಸ್ಯರ ಠೇವಣಿ, ಹೊರಗಿನ ಸಾಲ. ಇವುಗಳಲ್ಲಿ ಸಂಘದ ಸ್ವಂತದ್ದು ಎನ್ನಬಹುದಾದದ್ದು ಮೊದಲಿನ ಎರಡು ಮಾತ್ರ. ನಷ್ಟ ಬಂದರೆ ಅದನ್ನು ಹೊರುವುದೂ ಅವೇ. ಹಾಗಾಗಿ ಠೇವಣಿ ಬೆಳೆದ ಹಾಗೆ ಪಾಲು ಬಂಡವಾಳವೂ ಬೆಳೆಯಬೇಕು. "ನಮ್ಮ ಠೇವಣಿ ಈ ವರ್ಷ ಎರಡು ಕೋಟಿ ಏರಿತು" ಎಂದು ಚಪ್ಪಾಳೆ ಬಿದ್ದಾಗ, ಸ್ವಂತ ನಿಧಿ ಎಷ್ಟು ಏರಿತು ಎಂದು ಕೇಳಿ.

ವ್ಯವಸಾಯ ಸೇವಾ ಸಹಕಾರಿ ಸಂಘಗಳಿಗೆ ಹೊರಗಿನ ಸಾಲ ಬರುವುದು ಹೆಚ್ಚಾಗಿ ಮಂಗಳೂರು ಕೊಡಿಯಾಲಬೈಲಿನ ಎಸ್‌ಸಿಡಿಸಿಸಿ ಬ್ಯಾಂಕಿನಿಂದ. ದಕ್ಷಿಣ ಕನ್ನಡ, ಉಡುಪಿ ಎರಡಕ್ಕೂ ಅದೇ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಚಿಕ್ಕದಾಗಿ ಡಿಸಿಸಿ ಬ್ಯಾಂಕು. ರಾಜ್ಯ ಸರ್ಕಾರದ ಶೂನ್ಯ ಬಡ್ಡಿಯ ಬೆಳೆ ಸಾಲ ಈ ದಾರಿಯಲ್ಲೇ ಬರುತ್ತದೆ. 2023-24ರಲ್ಲಿ ಅದರ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆದರೆ ಗಡುವಿನ ಒಳಗೆ ಕಟ್ಟಿದರೆ ಮಾತ್ರ ಶೂನ್ಯ ಬಡ್ಡಿ. ಗಡುವು ತಪ್ಪಿದ ಸದಸ್ಯನಿಗೆ ಬಡ್ಡಿ ಬೀಳುತ್ತದೆ. ಒಂದು ಫೋನ್ ಕರೆ ಮಾಡಿ ನೆನಪಿಸಿದ್ದರೆ ಉಳಿಯುತ್ತಿದ್ದ ದುಡ್ಡು ಅದು. ಗಡುವಿಗೆ ಒಂದು ತಿಂಗಳು ಇರುವಾಗಲೇ ಪಟ್ಟಿ ತೆಗೆದು ಫೋನ್ ಮಾಡಿಸಿ. ಸದಸ್ಯನಿಗೆ ಉಪಕಾರ ಮಾಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಪತ್ತಿನ ಸಂಘಗಳಿಗೆ ಠೇವಣಿಯೇ ಜೀವ. ಅದರಲ್ಲೂ ಪಿಗ್ಮಿ. ಈ ಪಿಗ್ಮಿ ಹುಟ್ಟಿದ್ದೂ ನಮ್ಮಲ್ಲೇ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆ ಸಂಗ್ರಹಿಸಲು ಜನರನ್ನು ಮನೆ ಬಾಗಿಲಿಗೆ ಕಳಿಸಿತು. ಇವತ್ತಿಗೂ ಅಂಗಡಿಯವರು, ರಿಕ್ಷಾದವರು, ಶಂಕರಪುರದ ಮಲ್ಲಿಗೆ ಬೆಳೆಗಾರರು ಇಂಥವರಿಗೆ ಇದಕ್ಕಿಂತ ಒಳ್ಳೆಯ ಉಳಿತಾಯ ಇಲ್ಲ. ದಿನಾ ಕೈಗೆ ಬರುವ ಹಣ, ದಿನಾ ಸ್ವಲ್ಪ ಪಕ್ಕಕ್ಕೆ. ಆದರೆ ಸಂಘದ ಮಟ್ಟಿಗೆ ಪಿಗ್ಮಿ ಪುಕ್ಕಟೆ ಹಣ ಅಲ್ಲ. ಬಡ್ಡಿ ಕಡಿಮೆ ಇರಬಹುದು, ಸಂಗ್ರಾಹಕರ ಕಮಿಷನ್ ಸೇರಿಸಿ ನೋಡಿದರೆ ನಿರಖು ಠೇವಣಿಯ (ಎಫ್‌ಡಿ) ಹತ್ತಿರಕ್ಕೇ ಬರುತ್ತದೆ.

ಹೆಜ್ಜೆ 3: ಬಡ್ಡಿಯ ಲೆಕ್ಕವನ್ನು ನೀವೇ ಹಾಕಿ

ಈ ಹೆಜ್ಜೆಗೆ ಒಂದು ಸಂಜೆ ಬೇಕು. ಕಾಗದ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಒಂದು ಸಣ್ಣ ಸಂಘ ಎಂದುಕೊಳ್ಳಿ. ಅಂಕಿಗಳು ಉದಾಹರಣೆಗೆ ನಾನೇ ಹಾಕಿದ್ದು. ಪಾಲು ಬಂಡವಾಳ 60 ಲಕ್ಷ, ನಿಧಿಗಳು 40 ಲಕ್ಷ, ಠೇವಣಿ 8 ಕೋಟಿ. ಒಟ್ಟು 9 ಕೋಟಿ. ಅದರಲ್ಲಿ ಸದಸ್ಯರಿಗೆ ಕೊಟ್ಟ ಸಾಲ 6 ಕೋಟಿ 30 ಲಕ್ಷ. ಡಿಸಿಸಿ ಬ್ಯಾಂಕಿನಲ್ಲಿ ಇಟ್ಟ ಠೇವಣಿ 2 ಕೋಟಿ. ಉಳಿದ 70 ಲಕ್ಷ ಕಟ್ಟಡ, ಪೀಠೋಪಕರಣ ಮತ್ತು ನಗದು.

ಸಾಲಕ್ಕೆ ಸರಾಸರಿ ಶೇ. 12 ಬಡ್ಡಿ ಇದ್ದರೆ ವರ್ಷಕ್ಕೆ ಬರುವುದು 75.60 ಲಕ್ಷ. ಡಿಸಿಸಿ ಬ್ಯಾಂಕಿನ ಠೇವಣಿಗೆ ಶೇ. 7ರಂತೆ 14 ಲಕ್ಷ. ಒಟ್ಟು ಆದಾಯ 89.60 ಲಕ್ಷ. ಠೇವಣಿದಾರರಿಗೆ ಸರಾಸರಿ ಶೇ. 7.5ರಂತೆ ಕೊಡಬೇಕಾದದ್ದು 60 ಲಕ್ಷ. ಸಂಬಳ, ಕಮಿಷನ್, ಕರೆಂಟು, ಕಂಪ್ಯೂಟರ್, ಎಲ್ಲ ಸೇರಿ 18 ಲಕ್ಷ. ಲಾಭ 11.60 ಲಕ್ಷ. ನೋಡಲು ಚೆನ್ನಾಗಿದೆ, ಅಲ್ವಾ?

ಈಗ ಸಾಲದಲ್ಲಿ ಹತ್ತನೇ ಒಂದು ಭಾಗ, ಅಂದರೆ 63 ಲಕ್ಷ, ಸುಸ್ತಿಯಾಗಿದೆ, ಗಡುವಿಗೆ ಕಟ್ಟದೆ ಬಾಕಿ ಬಿದ್ದಿದೆ ಎಂದುಕೊಳ್ಳಿ. ಅದರ ಬಡ್ಡಿ 7.56 ಲಕ್ಷ ಬರಲಿಲ್ಲ. ಲಾಭ 4.04 ಲಕ್ಷಕ್ಕೆ ಇಳಿಯಿತು. ಆ ಸುಸ್ತಿ ಸಾಲ ಮುಳುಗಿದರೆ ಎಂದು ಅದರ ಶೇ. 10ರಷ್ಟು, ಅಂದರೆ 6.30 ಲಕ್ಷ, ಲಾಭದಿಂದ ತೆಗೆದಿಡಬೇಕು ಎಂದಾದರೆ ಸಂಘ 2.26 ಲಕ್ಷ ನಷ್ಟದಲ್ಲಿದೆ. ಠೇವಣಿ ಅಷ್ಟೇ ಇದೆ, ಸಿಬ್ಬಂದಿ ಅವರೇ, ಕಟ್ಟಡವೂ ಅದೇ. ನೂರರಲ್ಲಿ ಹತ್ತು ರೂಪಾಯಿ ವಾಪಸ್ ಬರಲಿಲ್ಲ, ಅಷ್ಟೆ.

ಇನ್ನೊಂದು ರೀತಿ ನೋಡಿ. ಪಕ್ಕದ ಪೇಟೆಯಲ್ಲಿ ಹೊಸ ಸೊಸೈಟಿ ಶುರುವಾಗಿ ಶೇ. 1 ಜಾಸ್ತಿ ಬಡ್ಡಿ ಕೊಡುತ್ತದೆ. ನಿಮ್ಮ ಸಭೆಯಲ್ಲಿ ಗಾಬರಿ. "ನಾವೂ ಏರಿಸುವ, ಇಲ್ಲದಿದ್ದರೆ ಎಲ್ಲ ಆಚೆ ಹೋಗುತ್ತದೆ." ಏರಿಸಿದರೆ ವರ್ಷಕ್ಕೆ 8 ಲಕ್ಷ ಜಾಸ್ತಿ ಖರ್ಚು. 11.60 ಇದ್ದ ಲಾಭ 3.60ಕ್ಕೆ ಬಂತು. ಅದನ್ನು ತುಂಬಿಸಲು ಸಾಲದ ಬಡ್ಡಿ ಏರಿಸುತ್ತೀರಿ. ಬಡ್ಡಿ ಜಾಸ್ತಿಯಾದ ಕೂಡಲೇ ಸರಿಯಾಗಿ ಕಟ್ಟುವ ಸದಸ್ಯರು ಬ್ಯಾಂಕಿಗೆ ಹೋಗುತ್ತಾರೆ. ಎಲ್ಲೂ ಸಾಲ ಹುಟ್ಟದವರು ಮಾತ್ರ ನಿಮ್ಮ ಕೌಂಟರಿಗೆ ಬರುತ್ತಾರೆ. ಸಂಘಗಳು ಹಾಳಾಗುವುದು ಹೆಚ್ಚಾಗಿ ಕಳ್ಳತನದಿಂದ ಎಂದು ಜನ ತಿಳಿದಿದ್ದಾರೆ. ನನಗೆ ಕಂಡ ಹಾಗೆ ಎಷ್ಟೋ ಕಡೆ ಶುರುವಾಗುವುದು ಈ ಒಂದು ಪರ್ಸೆಂಟಿನಿಂದ.

ಹಾಗಾಗಿ ಠೇವಣಿಯ ದರ ನಿಗದಿ ಮಾಡುವ ಮೊದಲು ಡಿಸಿಸಿ ಬ್ಯಾಂಕಿನಲ್ಲಿ ನಿಮ್ಮ ಹಣಕ್ಕೆ ಎಷ್ಟು ಬರುತ್ತದೆ ನೋಡಿ. ನೀವು ಅಲ್ಲಿ ಶೇ. 7ಕ್ಕೆ ಇಟ್ಟು ಇಲ್ಲಿ ಶೇ. 8.5 ಕೊಡುತ್ತಿದ್ದರೆ, ಸಾಲಕ್ಕೆ ಹೋಗದೆ ಉಳಿದ ಪ್ರತಿ ನೂರು ರೂಪಾಯಿಗೂ ಒಂದೂವರೆ ರೂಪಾಯಿ ಕೈಯಿಂದ ಹೋಗುತ್ತಿದೆ. ಸಾಲಕ್ಕೆ ಬೇಡಿಕೆ ಇಲ್ಲದಿರುವಾಗ ಹೊಸ ಠೇವಣಿಗೆ 'ಈಗ ಬೇಡ' ಎನ್ನಲು ಧೈರ್ಯ ಬೇಕು. ಎನ್ನಬೇಕು.

ಹೆಜ್ಜೆ 4: ಕೇಳಿದ ದಿನ ಕೊಡುವಷ್ಟು ಹಣ ಇಟ್ಟುಕೊಳ್ಳಿ

ಬೈಲಾ ಮತ್ತು ಇಲಾಖೆಯ ಸುತ್ತೋಲೆಗಳಲ್ಲಿ ಇಂತಿಷ್ಟು ನಗದು, ಇಂತಿಷ್ಟು ಹೂಡಿಕೆ ಇರಬೇಕು ಎಂದಿರುತ್ತದೆ. ಅದು ಕನಿಷ್ಠ. ಸಣ್ಣ ಸಂಘಕ್ಕೆ ಠೇವಣಿಯ ಕಾಲು ಭಾಗವಾದರೂ ಬೇಗ ಕೈಗೆ ಬರುವ ಹಾಗೆ ಇರಲಿ ಎನ್ನುವವನು ನಾನು. ಮೇಲಿನ ಉದಾಹರಣೆಯಲ್ಲಿ 2 ಕೋಟಿ ಇಟ್ಟದ್ದು ಅದಕ್ಕೇ.

ನಮ್ಮ ಕಡೆ ಹಣ ಹೊರಗೆ ಹೋಗುವುದಕ್ಕೆ ಒಂದು ಹಂಗಾಮು ಉಂಟು. ಏಪ್ರಿಲ್, ಮೇ ತಿಂಗಳಲ್ಲಿ ಮದುವೆ, ಗೃಹಪ್ರವೇಶ, ಬ್ರಹ್ಮಕಲಶ. ಮೇ ಕೊನೆಗೆ ಮಳೆಗಾಲದ ಮೊದಲು ಮಾಡಿನ ರಿಪೇರಿ. ಜೂನಿನಲ್ಲಿ ಶಾಲೆ, ಕಾಲೇಜಿನ ಫೀಸು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮಲ್ಪೆ, ಗಂಗೊಳ್ಳಿ, ಮಂಗಳೂರು ಧಕ್ಕೆಯನ್ನು ನಂಬಿದ ಸದಸ್ಯರಿಂದ ಆಗ ಕಂತು ಬರುವುದೂ ಕಡಿಮೆ, ಅವರು ಉಳಿತಾಯದಿಂದ ತೆಗೆಯುವುದೂ ಜಾಸ್ತಿ. ಹಾಗಾಗಿ ಏಪ್ರಿಲಿನಿಂದ ಜುಲೈ ತನಕ ಯಾವ ಠೇವಣಿಗಳ ಅವಧಿ ಮುಗಿಯುತ್ತದೆ ಎಂಬ ಪಟ್ಟಿಯನ್ನು ಫೆಬ್ರವರಿ ಸಭೆಯಲ್ಲೇ ತರಿಸಿ.

ಇನ್ನೊಂದು ಪಟ್ಟಿ, ಅತಿ ದೊಡ್ಡ ಹತ್ತು ಠೇವಣಿದಾರರದ್ದು. ಮುಂಬೈಯಲ್ಲಿ ಹೋಟೆಲ್ ಇಟ್ಟುಕೊಂಡ ಸದಸ್ಯರೊಬ್ಬರು ಊರಲ್ಲಿ ಮನೆ ಕಟ್ಟಿಸಲೆಂದು 40 ಲಕ್ಷ ಇಟ್ಟಿರುತ್ತಾರೆ. ತಳಪಾಯ ಹಾಕಿದ ಕೂಡಲೇ ತೆಗೆಯಲು ಶುರು. ಆ ಹಣವನ್ನು ನೀವು ಏಳು ವರ್ಷದ ಸಾಲಕ್ಕೆ ಹಾಕಿದ್ದರೆ? ವರ್ಷದ ಠೇವಣಿಯನ್ನು ನಂಬಿ ಏಳೆಂಟು ವರ್ಷದ ಸಾಲ ಕೊಡುವುದು ಎಲ್ಲ ಸಂಘಗಳೂ ಮಾಡುವ ಕೆಲಸವೇ, ತಪ್ಪಿಸಲು ಆಗುವುದಿಲ್ಲ. ಆದರೆ ಎಷ್ಟರ ಮಟ್ಟಿಗೆ ಎಂದು ಲೆಕ್ಕ ಇರಬೇಕು. ಅಂಥವರ ಮನೆಗೆ ಹೋಗಿ "ಯಾವಾಗ ಬೇಕಾಗಬಹುದು?" ಎಂದು ಕೇಳಿಟ್ಟುಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಹೆಜ್ಜೆ 5: ಸಾಲ ಕೊಡುವಾಗ ಸಂಪಾದನೆಯ ದಾರಿ ನೋಡಿ

ಸಾಲದ ಅರ್ಜಿಯಲ್ಲಿ ಎಲ್ಲರೂ ಭದ್ರತೆ ನೋಡುತ್ತಾರೆ. ಪಹಣಿ ಉಂಟಾ, ಋಣಭಾರ ಪತ್ರ ಉಂಟಾ, ಜಾಮೀನುದಾರರು ಯಾರು. ಅದೆಲ್ಲ ಬೇಕು. ಆದರೆ ಸಾಲ ತೀರುವುದು ಜಾಗದಿಂದ ಅಲ್ಲ, ತಿಂಗಳ ಸಂಪಾದನೆಯಿಂದ. ಜಾಗ ಏಲಂ ಹಾಕುವ ಹಂತಕ್ಕೆ ಬಂದರೆ ಸದಸ್ಯನೂ ಸೋತ, ಸಂಘವೂ ಸೋತಿತು.

ಕಂತನ್ನು ಹಣ ಬರುವ ಹೊತ್ತಿಗೆ ಹೊಂದಿಸಿ. ಎಲ್ಲರಿಗೂ ಪ್ರತಿ ತಿಂಗಳ 5ನೇ ತಾರೀಕು ಎಂದು ಕಂಪ್ಯೂಟರಿನಲ್ಲಿ ಹಾಕಿಬಿಡುವುದು ಸುಲಭ. ಆದರೆ ಅಡಿಕೆ ಬೆಳೆಗಾರನ ಕೈಗೆ ದುಡ್ಡು ಬರುವುದು ಕೊಯ್ದು, ಒಣಗಿಸಿ, ಸುಲಿಸಿ ಮಾರಿದ ಮೇಲೆ. ಅವನಿಗೆ ಆರು ತಿಂಗಳ ಅಥವಾ ವರ್ಷದ ಕಂತು ಸರಿ. ಕೊಳೆರೋಗ ಬಂದ ವರ್ಷ ಅವನ ಫಸಲು ಎಷ್ಟು ಹೋಯಿತು ಎಂಬುದನ್ನೂ ತೋಟಕ್ಕೆ ಹೋಗಿ ನೋಡಿ. ಮಲ್ಲಿಗೆಯವರಿಗೆ ದಿನದ ಅಟ್ಟೆಯ (ಹೂವಿನ ಅಳತೆ) ರೇಟು ಏರುತ್ತದೆ, ಇಳಿಯುತ್ತದೆ, ಮಳೆಗಾಲದಲ್ಲಿ ಹೂವೇ ಕಡಿಮೆ. ಅವರಿಗೆ ಪಿಗ್ಮಿಯ ಜೊತೆಯಲ್ಲೇ ಸಾಲದ ಕಂತೂ ದಿನವಹಿ ಕಟ್ಟುವ ವ್ಯವಸ್ಥೆ ಮಾಡಿಕೊಟ್ಟರೆ ಗೊತ್ತಾಗದ ಹಾಗೆ ತೀರುತ್ತದೆ. ಬೋಟಿನಲ್ಲಿ ದುಡಿಯುವವರಿಗೆ ಹತ್ತು ತಿಂಗಳ ಕಂತು ಹಾಕಿ, ಜೂನ್, ಜುಲೈ ಬಿಡಿ. ಬೀಡಿ ಕಟ್ಟುವವರಿಗೆ ಮಜೂರಿ ಸಿಗುವ ದಿನಕ್ಕೆ ಹೊಂದಿಸಿ. ಇದರಿಂದ ಸಂಘಕ್ಕೆ ಒಂದು ರೂಪಾಯಿ ನಷ್ಟವಿಲ್ಲ. ಸುಸ್ತಿ ಎಂಬ ಹೆಸರು ಮಾತ್ರ ತಪ್ಪುತ್ತದೆ.

ಜಾಮೀನು ಹಾಕುವವರನ್ನು ಎದುರಿಗೆ ಕೂರಿಸಿ ಮಾತಾಡಿ. ಅರ್ಜಿಗೆ ಸಹಿ ಹಾಕಿಸಿಕೊಂಡು ಕಳಿಸಿಬಿಡಬೇಡಿ. ಸಾಲದವನು ಕಟ್ಟದಿದ್ದರೆ ನೀವು ಕಟ್ಟಬೇಕಾಗುತ್ತದೆ, ಮೊತ್ತ ಇಷ್ಟು ಎಂದು ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಿ. ಆಮೇಲೆ "ಮಾರಾಯ್ರೇ, ನಾನು ಸಹಿ ಹಾಕಿದ್ದು ಮಾತ್ರ, ದುಡ್ಡು ತಿಂದದ್ದು ನಾನಾ?" ಎಂದು ಜಗಳಕ್ಕೆ ಬರುವವರ ಸಂಖ್ಯೆ ಇದರಿಂದ ಅರ್ಧ ಕಡಿಮೆಯಾಗುತ್ತದೆ. ಪರಸ್ಪರ ಜಾಮೀನು, ಅಂದರೆ ಇವನಿಗೆ ಅವನು, ಅವನಿಗೆ ಇವನು, ಕಣ್ಣಿಗೆ ಬಿದ್ದರೆ ಅಲ್ಲೇ ತಡೆಯಿರಿ.

ನಿರ್ದೇಶಕರ ಅಥವಾ ಅವರ ಮನೆಯವರ ಸಾಲ ಸಭೆಗೆ ಬಂದರೆ ಆ ನಿರ್ದೇಶಕರು ಹೊರಗೆ ಹೋಗಬೇಕು. ಹೊರಗೆ ಹೋದರು ಎಂದು ನಡಾವಳಿಯಲ್ಲಿ ಬರೆಯಬೇಕು. ಸುಸ್ತಿದಾರ ನಿರ್ದೇಶಕನಿಗೆ ಕಾಯ್ದೆಯ ಪ್ರಕಾರ ಮಂಡಳಿಯಲ್ಲಿ ಮುಂದುವರಿಯಲು ಅರ್ಹತೆ ಇಲ್ಲ. ಊರಲ್ಲಿ ದಾಕ್ಷಿಣ್ಯ ಇರುತ್ತದೆ, ಗೊತ್ತು. ಆದರೆ ನಿರ್ದೇಶಕನೇ ಕಟ್ಟದಿದ್ದರೆ ಸದಸ್ಯನಿಗೆ ನೋಟಿಸು ಕಳಿಸಲು ಯಾವ ಮುಖ ಉಂಟು?

ಹೆಜ್ಜೆ 6: ಚಿನ್ನ, ನಗದು, ಪಿಗ್ಮಿ: ಮೂರನ್ನೂ ಕಣ್ಣಾರೆ ನೋಡಿ

ಚಿನ್ನಾಭರಣ ಸಾಲ ಸಂಘಗಳಿಗೆ ಅತಿ ಭದ್ರ ಎಂಬ ಮಾತುಂಟು. ಚಿನ್ನ ಚಿನ್ನವೇ ಆಗಿದ್ದರೆ ಮಾತು ನಿಜ. ಮೂರು ತಿಂಗಳಿಗೊಮ್ಮೆ, ಮೊದಲೇ ಹೇಳದೆ, ಇಬ್ಬರು ನಿರ್ದೇಶಕರು ಹೋಗಿ ಹೀಗೆ ಮಾಡಿ. ಎರಡು ಕೀಲಿಕೈ ಇಬ್ಬರ ಹತ್ತಿರ ಇವೆಯಾ ಎಂಬುದು ಮೊದಲನೆಯ ಪರೀಕ್ಷೆ. ಎರಡೂ ಒಬ್ಬರ ಡ್ರಾಯರಿನಿಂದಲೇ ಬಂದರೆ ಅದನ್ನು ಅಲ್ಲೇ ಬರೆದುಕೊಳ್ಳಿ. ಸೇಫು ತೆಗೆಸಿ, ಪೊಟ್ಟಣಗಳನ್ನು ಎಣಿಸಿ ಸಾಲದ ಪಟ್ಟಿಗೆ ತಾಳೆ ಹಾಕಿ. ಆಮೇಲೆ ನೀವೇ ಕೈಹಾಕಿ ಹತ್ತು ಹದಿನೈದು ಪೊಟ್ಟಣ ತೆಗೆಯಿರಿ, ಸಿಬ್ಬಂದಿ ತೆಗೆದುಕೊಟ್ಟದ್ದನ್ನಲ್ಲ. ತೂಕ ಮಾಡಿ. ಕರಿಮಣಿ ಸರದಲ್ಲಿ ಮಣಿಯ ತೂಕ ಕಳೆದಿದ್ದಾರಾ? ಕಲ್ಲಿನ ಬೆಂಡೋಲೆಯಲ್ಲಿ ಕಲ್ಲು, ಅರಗು ಬಿಟ್ಟು ನಿವ್ವಳ ತೂಕ ಹಾಕಿದ್ದಾರಾ? ಟಂಚಿಗೆ, ಅಂದರೆ ಚಿನ್ನದ ಶುದ್ಧತೆ ನೋಡಲು, ಬೇರೆ ಸರಾಫರನ್ನು ಕರೆಸಿ. ಮೊದಲು ಮೌಲ್ಯಮಾಪನ ಮಾಡಿದವರೇ ಮರುಪರೀಕ್ಷೆ ಮಾಡಿದರೆ ಅದು ಪರೀಕ್ಷೆಯೇ ಅಲ್ಲ. ಕೊನೆಗೆ, ಒಂದೇ ಹೆಸರಿನಲ್ಲಿ ಅಥವಾ ಒಂದೇ ಮನೆಯವರ ಹೆಸರಿನಲ್ಲಿ ಸಾಲು ಸಾಲು ಪೊಟ್ಟಣ ಇದ್ದರೆ ಅವನ್ನು ಪೂರ್ತಿ ನೋಡಿ.

ಪಿಗ್ಮಿಯ ಪರೀಕ್ಷೆ ಸಂಘದ ಒಳಗೆ ಕೂತು ಆಗುವುದಿಲ್ಲ. ಒಬ್ಬ ಸಂಗ್ರಾಹಕರ ಖಾತೆಗಳಲ್ಲಿ ಇಪ್ಪತ್ತರ ಬಾಕಿ ಬರೆದುಕೊಂಡು ಪೇಟೆಗೆ ಹೋಗಿ. ಅಂಗಡಿಯವರ ಹತ್ತಿರ ಇರುವ ರಶೀದಿ ಅಥವಾ ಪುಸ್ತಕಕ್ಕೆ ಹೋಲಿಸಿ. ಇದನ್ನು ಸಂಗ್ರಾಹಕರ ಮೇಲೆ ಅನುಮಾನ ಎಂದು ಮಾಡಬೇಡಿ. ಎಲ್ಲರ ಖಾತೆಗೂ ಸರದಿಯಂತೆ ಮಾಡಿ. ಮಳೆಯಲ್ಲಿ ಬಿಸಿಲಲ್ಲಿ ತಿರುಗುವ ಜನ ಅವರು, ಅವರ ಮರ್ಯಾದೆಯೂ ಇದರಿಂದ ಉಳಿಯುತ್ತದೆ. ಪ್ರತಿ ಜಮೆಗೆ ಸದಸ್ಯನ ಮೊಬೈಲಿಗೆ ಎಸ್‌ಎಂಎಸ್ ಹೋಗುವ ವ್ಯವಸ್ಥೆ ಮಾಡಿ. ಅದರ ಖರ್ಚು ಖರ್ಚೇ ಅಲ್ಲ.

ನಗದಿನ ಬಗ್ಗೆ ಆದಾಯ ತೆರಿಗೆಯ ಒಂದು ನಿಯಮ ಕೌಂಟರಿನಲ್ಲಿ ಅಂಟಿಸಿಡಿ. ಪತ್ತಿನ ಸಂಘ 20,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ, ನಗದಾಗಿ ಮರಳಿಸುವಂತಿಲ್ಲ. ಸಂಘಗಳ ಪೈಕಿ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ (ನಮ್ಮ ವ್ಯವಸಾಯ ಸೇವಾ ಸಹಕಾರಿ ಸಂಘಗಳು ಇಂಥವು) ಮಾತ್ರ 2023ರಲ್ಲಿ ಈ ಮಿತಿಯನ್ನು 2 ಲಕ್ಷಕ್ಕೆ ಏರಿಸಿದ್ದಾರೆ. ತಪ್ಪಿದರೆ ದಂಡ ಆ ಮೊತ್ತದಷ್ಟೇ ಬೀಳಬಹುದು.

ಹೆಜ್ಜೆ 7: ವಸೂಲಾತಿ ಮೊದಲ ಕಂತಿನಿಂದಲೇ

ಒಂದು ಕಂತು ತಪ್ಪಿದಾಗ ಫೋನ್, ಎರಡು ತಪ್ಪಿದಾಗ ಮನೆಗೆ ಭೇಟಿ, ಮೂರನೆಯದಕ್ಕೆ ಸಾಲಗಾರನಿಗೂ ಜಾಮೀನುದಾರರಿಗೂ ನೋಟಿಸು. ಈ ಕ್ರಮವನ್ನು ಯಾರ ಮುಖವನ್ನೂ ನೋಡದೆ ಪಾಲಿಸಿ. ಭೇಟಿಗೆ ಇಬ್ಬರು ಹೋಗಿ, ಹಗಲು ಹೊತ್ತಿನಲ್ಲಿ ಹೋಗಿ. ಮದುವೆ ಮನೆಯಲ್ಲಿ, ನೇಮದ ಗದ್ದೆಯಲ್ಲಿ ನಾಲ್ಕು ಜನರ ಎದುರು ಕೇಳುವುದು ವಸೂಲಾತಿ ಅಲ್ಲ, ಅವಮಾನ. ಆಸ್ಪತ್ರೆ ಖರ್ಚು, ಕೆಲಸ ಹೋದದ್ದು ಇಂಥ ನಿಜವಾದ ಕಷ್ಟ ಇದ್ದರೆ ಕಂತು ಸಣ್ಣದು ಮಾಡಿ ಅವಧಿ ಉದ್ದ ಮಾಡಿ, ನಿರ್ಣಯ ಬರೆದು ಮಾಡಿ.

ಕಟ್ಟುವ ಶಕ್ತಿ ಇದ್ದೂ ಕಟ್ಟದವರ ಮೇಲೆ 70ನೇ ಕಲಂ ಅಡಿಯಲ್ಲಿ ಸಹಕಾರ ಇಲಾಖೆಯಲ್ಲಿ ದಾವೆ ಹೂಡಬಹುದು. ತೀರ್ಪು ಬಂದ ಮೇಲೆ ಅಮಲ್ಜಾರಿ, ಅಂದರೆ ತೀರ್ಪಿನಂತೆ ವಸೂಲಿ. ಇದಕ್ಕೆ ವರ್ಷಗಳು ಹಿಡಿಯಬಹುದು ಎಂದು ತಡ ಮಾಡಬೇಡಿ, ತಡವಾಗುತ್ತದೆ ಎಂದೇ ಬೇಗ ಹಾಕಬೇಕು.

ಈ ಹೆಜ್ಜೆಯಲ್ಲಿ ನೀವು ಖಂಡಿತ ನೋಡಬೇಕಾದದ್ದು ಮಾರ್ಚ್ ಕೊನೆಯ ವಾರದ ಆಟ. ಸುಸ್ತಿ ಸಾಲಕ್ಕೆ ಬಡ್ಡಿ ಸೇರಿಸಿ, ಅಷ್ಟೇ ಮೊತ್ತದ ಹೊಸ ಸಾಲ ಮಂಜೂರು ಮಾಡಿ, ಹಳೆಯದನ್ನು ಮುಚ್ಚುವುದು. ಪುಸ್ತಕದಲ್ಲಿ ಸುಸ್ತಿ ಇಲ್ಲ, ಬಡ್ಡಿ ಬಂದಿದೆ, ಲಾಭವೂ ಇದೆ. ನಿಜದಲ್ಲಿ ಒಂದು ರೂಪಾಯಿಯೂ ಒಳಗೆ ಬಂದಿಲ್ಲ. ಮುಂದಿನ ಮಾರ್ಚಿಗೆ ಅದೇ ಸಾಲ ಇನ್ನಷ್ಟು ದಪ್ಪವಾಗಿರುತ್ತದೆ. ಕಂಡುಹಿಡಿಯುವುದು ಸುಲಭ. ಏಪ್ರಿಲ್ ಮೊದಲ ಸಭೆಗೆ ಎರಡು ಪಟ್ಟಿ ಕೇಳಿ: ಫೆಬ್ರವರಿ ಕೊನೆಯ ಸುಸ್ತಿ ಪಟ್ಟಿ, ಮಾರ್ಚಿನಲ್ಲಿ ಕೊಟ್ಟ ಸಾಲದ ಪಟ್ಟಿ. ಎರಡರಲ್ಲೂ ಇರುವ ಹೆಸರುಗಳಿಗೆ ಗೆರೆ ಎಳೆಯಿರಿ. ಸಿಇಒ ಅವರ ಮುಖ ನೋಡುವುದು ಬೇಡ, ಪಟ್ಟಿ ನೋಡಿ.

ಹೆಜ್ಜೆ 8: ಲಾಭವನ್ನು ಯಾರಿಗೆ, ಹೇಗೆ

ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 25 ಮೀಸಲು ನಿಧಿಗೆ ಹೋಗಬೇಕು, ಇದು ಕಾಯ್ದೆ. ಸಹಕಾರ ಶಿಕ್ಷಣ ನಿಧಿಗೂ ಒಂದು ಪಾಲು ಉಂಟು. ಉಳಿದದ್ದರಲ್ಲಿ ಡಿವಿಡೆಂಡ್, ಕಟ್ಟಡ ನಿಧಿ, ಸಿಬ್ಬಂದಿ ಬೋನಸ್, ಧರ್ಮಾರ್ಥ.

ನಮ್ಮ ಉದಾಹರಣೆಯ ಸಂಘಕ್ಕೆ ಸುಸ್ತಿಯೇ ಇಲ್ಲ ಎಂದುಕೊಳ್ಳಿ, ಲಾಭ 11.60 ಲಕ್ಷ. ಮೀಸಲಿಗೆ 2.90 ಲಕ್ಷ ಹೋಯಿತು. 60 ಲಕ್ಷ ಪಾಲು ಬಂಡವಾಳಕ್ಕೆ ಶೇ. 10 ಡಿವಿಡೆಂಡ್ ಕೊಟ್ಟರೆ 6 ಲಕ್ಷ. ಎಲ್ಲರೂ ಖುಷಿ. ಈಗ ಹೀಗೆ ಮಾಡಿ ನೋಡಿ. ಮುಂದಿನ ವರ್ಷ ಸಾಲದ ಬಡ್ಡಿಯನ್ನು ಅರ್ಧ ಪರ್ಸೆಂಟ್ ಇಳಿಸಿ, ಡಿವಿಡೆಂಡ್ ಶೇ. 5 ಮಾಡಿ. ಬಡ್ಡಿ ಇಳಿಸಿದ್ದಕ್ಕೆ ಸಂಘಕ್ಕೆ ಕಡಿಮೆಯಾಗುವುದು 3.15 ಲಕ್ಷ, ಡಿವಿಡೆಂಡಿನಲ್ಲಿ ಉಳಿಯುವುದು 3 ಲಕ್ಷ. ಹತ್ತಿರ ಹತ್ತಿರ ಒಂದೇ. ಆದರೆ 5,000 ರೂ. ಷೇರು ಇದ್ದು 2 ಲಕ್ಷ ಸಾಲ ಇರುವ ಸದಸ್ಯೆಗೆ ಏನಾಯಿತು? ಡಿವಿಡೆಂಡಿನಲ್ಲಿ 250 ರೂ. ಕಡಿಮೆ ಬಂತು, ಬಡ್ಡಿಯಲ್ಲಿ ವರ್ಷಕ್ಕೆ ಸುಮಾರು 1,000 ರೂ. ಉಳಿಯಿತು. ಶೇ. 10 ಡಿವಿಡೆಂಡಿನಲ್ಲಿ ಜಾಸ್ತಿ ಸಿಗುವುದು ದೊಡ್ಡ ಷೇರು ಇಟ್ಟು ಸಾಲ ಮಾಡದವರಿಗೆ. ಸಂಘ ಯಾರಿಗಾಗಿ ಎಂಬುದು ಇಲ್ಲಿ ಬಯಲಾಗುತ್ತದೆ. ಡಿವಿಡೆಂಡ್ ಪೂರ್ತಿ ಬೇಡ ಎನ್ನುವುದಿಲ್ಲ, ಪಾಲು ಹಣ ಇಟ್ಟವರಿಗೂ ಏನಾದರೂ ಸಿಗಬೇಕು. ಆದರೆ ಪ್ರತಿಷ್ಠೆಗೆ ಎರಡಂಕಿ ಡಿವಿಡೆಂಡ್ ಬೇಡ.

ಸದಸ್ಯರಿಗೆ ಹಣ ಬಿಟ್ಟು ಬೇರೆ ಉಪಕಾರಗಳೂ ಇವೆ. ಯಶಸ್ವಿನಿ ನೋಂದಣಿ ಶುರುವಾದಾಗ ಕಚೇರಿಯ ಬಾಗಿಲಿಗೆ ನೋಟಿಸು ಅಂಟಿಸಿ ಸುಮ್ಮನಾಗಬೇಡಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆಯ ನೆರವು ಇರುವ ಯೋಜನೆ ಅದು. ವಯಸ್ಸಾದವರ ಮನೆಗೆ ಯಾರನ್ನಾದರೂ ಕಳಿಸಿ ಅರ್ಜಿ ತುಂಬಿಸಿ.

ಹೆಜ್ಜೆ 9: ಆಡಿಟ್ ಮತ್ತು ಮಹಾಸಭೆ

ಆಡಿಟ್ ವರದಿ ಬಂದಾಗ 'ಎ' ವರ್ಗವಾ 'ಬಿ' ವರ್ಗವಾ ಎಂದಷ್ಟೇ ನೋಡಿ ಮಡಚಿಡಬೇಡಿ. ನ್ಯೂನತೆಗಳ ಪುಟವೇ ಮುಖ್ಯ. ಹೋದ ವರ್ಷದ ವರದಿ ಪಕ್ಕಕ್ಕೆ ಇಡಿ. ಅದೇ ವಾಕ್ಯ ಈ ವರ್ಷವೂ ಇದೆಯಾ? ಇದ್ದರೆ ಅನುಪಾಲನಾ ವರದಿಯಲ್ಲಿ 'ಸರಿಪಡಿಸಲಾಗುವುದು' ಎಂದು ಬರೆದು ಯಾರೂ ಸರಿಪಡಿಸಿಲ್ಲ ಎಂದರ್ಥ. ಸದಸ್ಯರಿಗೆ ಸಾಲ ಕೊಟ್ಟು ಬಂದ ಲಾಭಕ್ಕೆ ಆದಾಯ ತೆರಿಗೆಯಲ್ಲಿ ಸಹಕಾರ ಸಂಘಗಳಿಗೆ ವಿನಾಯಿತಿ ಉಂಟು. ಆದರೆ ಗಡುವಿನ ಒಳಗೆ ರಿಟರ್ನ್ಸ್ ಸಲ್ಲಿಸದಿದ್ದರೆ ಅದು ಸಿಗುವುದಿಲ್ಲ. ತಾರೀಕು ಹಿಡಿದು ಕೇಳಿ.

ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರ ಒಳಗೆ ಮುಗಿಯಬೇಕು. ಹಾಗಾಗಿ ಆಗಸ್ಟ್, ಸೆಪ್ಟೆಂಬರ್ ಬಂದರೆ ಎರಡೂ ಜಿಲ್ಲೆಗಳ ಸಭಾಭವನಗಳಲ್ಲಿ ಭಾನುವಾರ ಖಾಲಿ ಇರುವುದಿಲ್ಲ. ನಮ್ಮ ಮಹಾಸಭೆ ನಡೆಯುವ ರೀತಿ ನಿಮಗೂ ಗೊತ್ತು. ಪ್ರಾರ್ಥನೆ, ಸ್ವಾಗತ, ಪ್ರತಿಭಾ ಪುರಸ್ಕಾರ, ಸನ್ಮಾನ, ಸನ್ಮಾನಿತರ ಮಾತು. ಒಂದೂವರೆ ಗಂಟೆ ಕಳೆದು ಲೆಕ್ಕಪತ್ರಕ್ಕೆ ಬರುವಾಗ ಊಟದ ಪರಿಮಳ ಬರುತ್ತಿರುತ್ತದೆ. "ವರದಿ ಪುಸ್ತಕ ನಿಮ್ಮ ಕೈಯಲ್ಲಿದೆ, ಓದಿದ್ದೀರಿ ಎಂದು ಭಾವಿಸುತ್ತೇನೆ" ಎನ್ನುತ್ತಾರೆ, ಚಪ್ಪಾಳೆ, ಮುಗಿಯಿತು.

ಇದನ್ನು ತಿರುಗಿಸಿ. ಲೆಕ್ಕಪತ್ರ ಮೊದಲು, ಸನ್ಮಾನ ಆಮೇಲೆ. ವರದಿ ಪುಸ್ತಕ ಸದಸ್ಯರ ಮನೆಗೆ ಮೊದಲೇ ತಲುಪಲಿ, ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಆದರೂ ಸರಿ. ಅದರ ಮೊದಲ ಪುಟದಲ್ಲಿ ಅಧ್ಯಕ್ಷರ ಫೋಟೊ ಬದಲು ಐದು ಸಾಲು ಹಾಕಿ: ಸಾಲದ ಸರಾಸರಿ ಬಡ್ಡಿ ಎಷ್ಟು, ಠೇವಣಿಯ ಸರಾಸರಿ ಬಡ್ಡಿ ಎಷ್ಟು, ನೂರರಲ್ಲಿ ಸುಸ್ತಿ ಎಷ್ಟು, ಬೇಗ ಕೈಗೆ ಸಿಗುವ ಹಣ ಠೇವಣಿಯ ಎಷ್ಟು ಪಾಲು, ನಿರ್ದೇಶಕರಿಗೂ ಅವರ ಮನೆಯವರಿಗೂ ಕೊಟ್ಟ ಸಾಲ ಒಟ್ಟು ಎಷ್ಟು. ಪಕ್ಕದಲ್ಲಿ ಹೋದ ವರ್ಷದ ಅಂಕಿಯೂ ಇರಲಿ.

ಐದನೇ ಸಾಲಿಗೆ ನಿಮ್ಮ ಮಂಡಳಿಯಲ್ಲಿ ವಿರೋಧ ಬರುತ್ತದೆ. ಆ ದಿನದ ನಡಾವಳಿಯಲ್ಲಿ ಯಾರು ಏನು ಹೇಳಿದರು ಎಂದು ಹೆಸರು ಸಹಿತ ಬರೆಸಿ. ನಿಮ್ಮ ಮಾತು ಸೋತರೂ ಭಿನ್ನಾಭಿಪ್ರಾಯ ದಾಖಲಾಗಿರಲಿ, ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಮುಂದೆ ಎಂದಾದರೂ ಸಂಘದ ವ್ಯವಹಾರದ ಮೇಲೆ ಸಹಕಾರ ಇಲಾಖೆಯ 64ನೇ ಕಲಂ ವಿಚಾರಣೆ ಬಂದರೆ ಮೊದಲು ಕೇಳುವುದು ನಡಾವಳಿ ಪುಸ್ತಕವನ್ನೇ.